ಎಡಗೈ ಯಾರದು?

ಪಿಯಾನೋ ಕಲಿಸುವ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗಿಯರು ಈಚೆಗೆ ನಮ್ಮ ಮನೆಗೆ ಬಂದು, "ಮೇಡಂ, ನಮಗೇನಾದ್ರು ಹೇಳ್ರಿ" ಎಂದು ಕೂರುತ್ತಾರೆ. ತಾಳ್ಮೆ, ಪ್ರೀತಿ, ಶಿಸ್ತು ಎಂದೆಲ್ಲ ನಾನು ಹೇಳುತ್ತೇನೆಂದು ಅವರ ನಿರೀಕ್ಷೆ. ನಾನು ಹೇಳುವುದು ಅನುಮಾನ ಪಡಿ ಎಂದು. ಮಗು ನುಡಿಸಿದ್ದನ್ನು ಮಗುವೇ ನುಡಿಸಿತೆಂದು ನಂಬಬೇಡಿ. ದಿನಾ ಅಭ್ಯಾಸ ಮಾಡ್ತಾನ್ರಿ ಎನ್ನುವ ತಾಯಿಯನ್ನು ನಂಬಬೇಡಿ. ಕಿವಿಗೆ ಇಂಪಾಗಿ ಕೇಳಿದ್ದನ್ನಂತೂ ಮೊದಲು ನಂಬಬೇಡಿ. ಅವರು ಚಹಾ ಕುಡಿದು, ಈಕೆಗೆ ವಯಸ್ಸಾಯಿತು ಎನ್ನುವ ಮುಖ ಮಾಡಿಕೊಂಡು ಎದ್ದು ಹೋಗುತ್ತಾರೆ. ಕೂತು ಬರೆದಿಟ್ಟರೆ ಯಾರಾದರೂ ಪೂರ್ತಿ ಓದಿಯಾರು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಸುಜಾತಾ. ಹುಟ್ಟಿದ್ದು ಕೊಟ್ಟೂರಿನಲ್ಲಿ. ಅಪ್ಪ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದರು. ಸುತ್ತಿಗೆಯಿಂದ ಹಳಿಗೆ ಬಡಿದು, ಸದ್ದು ಕೇಳಿ, ಇಲ್ಲಿ ಬೋಲ್ಟು ಸಡಿಲ ಎನ್ನುತ್ತಿದ್ದರು. ಕಿವಿಯ ಅನುಮಾನ ನನಗೆ ಅವರಿಂದಲೇ ಬಂದಿರಬೇಕು. ಓದಿಗೆಂದು ನನ್ನನ್ನು ಬಳ್ಳಾರಿಯ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಒಬ್ಬ ಸಿಸ್ಟರ್ ಪಿಯಾನೋ ಕಲಿಸಿದರು. ನನ್ನನ್ನು ಪಿಯಾನೋ ಮುಂದೆ ಕೂರಿಸಿ ತಾವು ಪಕ್ಕದ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತಿದ್ದರು. ಹೇಗೂ ಹೋದರಲ್ಲ ಎಂದು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಲ್ಲಷ್ಟೇ ನುಡಿಸಿದರೆ ಗೋಡೆಯಾಚೆಯಿಂದ ದನಿ ಬರುತ್ತಿತ್ತು: "ಇನ್ನೊಬ್ಬಳು ಎಲ್ಲಿ ಹೋದಳು?"

ಇನ್ನೊಬ್ಬಳು ಎಂದರೆ ನನ್ನ ಎಡಗೈ. ಸಿಸ್ಟರ್ ಕಲಿಸುತ್ತಿದ್ದದ್ದು ಬರೋಕ್ ಎಂದು ಕರೆಯುವ, ಸುಮಾರು ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಬರೆದ ಸಂಗೀತ. ಸಿನಿಮಾ ಹಾಡನ್ನು ಕೀಬೋರ್ಡಿನಲ್ಲಿ ನುಡಿಸುವಾಗ ಬಲಗೈ ಹಾಡುತ್ತದೆ, ಎಡಗೈ ಅದರ ಹಿಂದೆ ತಲೆದೂಗುತ್ತದೆ. ಬರೋಕಿನಲ್ಲಿ ಹಾಗಲ್ಲ. ಬಲಗೈ ಒಂದು ಮಾತು ಆಡಿದರೆ ಎಡಗೈ ಅದೇ ಮಾತನ್ನು ಸ್ವಲ್ಪ ತಡೆದು ತಾನೂ ಆಡುತ್ತದೆ, ಅಡ್ಡ ಬರುತ್ತದೆ, ವಾದ ಮಾಡುತ್ತದೆ. ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇದ್ದ ಹಾಗೆ; ಇಬ್ಬರೂ ಕೆಲಸ ಮಾಡಬೇಕು, ಒಬ್ಬರು ಮೈಗಳ್ಳತನ ಮಾಡಿದರೆ ಇನ್ನೊಬ್ಬರಿಂದ ಊರಿಗೇ ಗೊತ್ತಾಗುತ್ತದೆ. ನುಡಿಸುವವರು ಒಬ್ಬರು, ಕೇಳಿಸುವವರು ಇಬ್ಬರು. ಎದುರಿಗೆ ಕೂತು ಕೇಳಿದರೆ ಕಣ್ಣು ನಡುವೆ ಬಾಯಿ ಹಾಕುತ್ತದೆ, ಗೋಡೆ ಹಿಂದೆ ನಿಂತು ಕೇಳು ಎಂದು ಸಿಸ್ಟರ್ ಹೇಳುತ್ತಿದ್ದರು. ಕೆಲಸ ಮಾಡಿದಷ್ಟು ಕಾಲವೂ ನಾನು ಹಾಗೇ ಕೇಳಿದೆ.

ಕೆಲಸ ಸಿಕ್ಕಿದ್ದು ಹಗರಿಬೊಮ್ಮನಹಳ್ಳಿಯ ಹೊರಗಿನ ಒಂದು ಖಾಸಗಿ ವಸತಿ ಶಾಲೆಯಲ್ಲಿ. ಭಾನುವಾರ ಬಸ್ಸು ಹಿಡಿದು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಿಗೆ ಮನೆಪಾಠಕ್ಕೂ ಹೋಗುತ್ತಿದ್ದೆ. ನಾನು ಜನರನ್ನು ಅನುಮಾನಿಸುವುದಕ್ಕೆ ಮೊದಲು ಜನ ನನ್ನನ್ನು ಅನುಮಾನಿಸಿದರು. ಕೂಡ್ಲಿಗಿಯಲ್ಲಿ ಒಬ್ಬರು, ಬಸ್ಸಿನ ಇಂಜಿನ್ ರಿಪೇರಿಯವರು, ಮಗನಿಗೆ ಪಾಠ ನಡೆಯುವಾಗ ಬಾಗಿಲಲ್ಲೇ ನಿಂತಿರುತ್ತಿದ್ದರು.

"ಮೇಡಂ, ಇದು ಚರ್ಚಿನ ಹಾಡಲ್ಲಲ್ರಿ?"

"ಅಲ್ರಿ. ಇದು ಕುಣಿತದ್ದು. ಆ ಕಾಲದ ಮಂದಿ ಇದಕ್ಕ ಹೆಜ್ಜಿ ಹಾಕ್ತಿದ್ರು."

ಅವರ ಅನುಮಾನ ಇಮ್ಮಡಿಯಾಯಿತು. "ಕುಣಿತದ್ದು ಅಂತೀರಿ. ಮತ್ತ ಕುಣೀಬೇಕು ಅನ್ಸವಲ್ದಲ್ರಿ ಯಾರಿಗೂ?"

ಅದೇ ಓಣಿಯ ಇನ್ನೊಂದು ಮನೆಯಲ್ಲಿ ಒಬ್ಬ ಅಜ್ಜಿ. ಮೊಮ್ಮಗಳಿಗೆ ನಾನು ಎಡಗೈಯೊಂದನ್ನೇ ವಾರಗಟ್ಟಲೆ ನುಡಿಸಲು ಹಚ್ಚಿದ್ದು ಆಕೆಯ ಕಣ್ಣಿಗೆ ಬಿತ್ತು. "ಬಲಗೈ ಆರಾಮ್ ಕುಂತೈತಿ, ಎಡಗೈನ್ನ ದುಡಿಸಾಕ ಹತ್ತೀಯಲ್ಲವ್ವ. ನಾಳೆ ಈಕಿ ಎಡಗೈಲೆ ಉಣ್ಣಾಕ ಕುಂತ್ರ ಹೆಣ್ಣು ನೋಡಾಕ ಬಂದೋರಿಗೆ ಏನು ಹೇಳಲಿ?" ಎಂದು ಜಗಳಕ್ಕೇ ನಿಂತಳು. ಆ ಹುಡುಗಿ ಮುಂದೆ ನರ್ಸ್ ಆದಳು. ಎರಡೂ ಕೈಯಲ್ಲಿ ಸೂಜಿ ಚುಚ್ಚುತ್ತಾಳಂತೆ. ಅಜ್ಜಿ ಅದನ್ನು ತನ್ನದೇ ಸಾಧನೆಯೆಂಬಂತೆ ಹೇಳಿಕೊಂಡು ತಿರುಗುತ್ತಿದ್ದಳು.

ನಮ್ಮ ಶಾಲೆಯ ಅಧ್ಯಕ್ಷರು ಹೂವಿನಹಡಗಲಿಯ ದೊಡ್ಡ ಮಲ್ಲಿಗೆ ವ್ಯಾಪಾರಿ. ಬಳ್ಳಾರಿಯ ಯಾವುದೋ ಹಳೇ ಬಂಗಲೆ ಖಾಲಿಯಾಗುವಾಗ ಅಲ್ಲಿದ್ದ ಪಿಯಾನೋವನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದು ಶಾಲೆಯ ಹಾಲಿನಲ್ಲಿ ನಿಲ್ಲಿಸಿದ್ದರು. ನನ್ನ ಹಿರಿಯ ಅಧಿಕಾರಿಗಳಲ್ಲಿ ನನ್ನಷ್ಟೇ ಅನುಮಾನದ ಮನುಷ್ಯ ಅವರೊಬ್ಬರೇ, ಹಾಗಾಗಿ ನಮಗೆ ಹೊಂದಿಕೆಯಾಗುತ್ತಿತ್ತು. ತೂಕ ಹೆಚ್ಚಲೆಂದು ಕೆಲವರು ಹೂವಿಗೆ ನೀರು ಚಿಮುಕಿಸಿ ತರುತ್ತಾರಂತೆ. ಬುಟ್ಟಿಯೊಳಗೆ ಕೈ ಇಟ್ಟ ಕೂಡಲೇ ಅವರಿಗೆ ತಿಳಿಯುತ್ತಿತ್ತು. ಯಾರೊಡನೆ ಮಾತಾಡುವಾಗಲೂ ಅವರ ಬಲಗೈ ಬೆರಳು ಏನನ್ನೋ ಹಿಸುಕಿ ನೋಡುತ್ತಿದ್ದವು.

ಮೊದಲ ವರ್ಷಗಳ ಒಂದು ವಾರ್ಷಿಕೋತ್ಸವ ನೆನಪಿದೆ. ಕೊಟ್ಟೂರಿನ ಗುತ್ತಿಗೆದಾರರೊಬ್ಬರ ಮಗ ವೇದಿಕೆಯ ಮೇಲೆ ಕೀಬೋರ್ಡಿನಲ್ಲಿ ಒಂದು ಕುಣಿತದ ತುಣುಕನ್ನು ನುಡಿಸುವವನಿದ್ದ. ಅಭ್ಯಾಸದಲ್ಲಿ ಎಡವುತ್ತಿದ್ದವನು ಅಂದು ನೀರಿನ ಹಾಗೆ ನುಡಿಸುತ್ತಿದ್ದಾನೆ. ನಾನು ವೇದಿಕೆಯ ಪರದೆಯ ಹಿಂದೆ ನಿಂತು, ಇವನು ಇವನಲ್ಲ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಹುಡುಗ ಹೆದರಿ ಎರಡೂ ಕೈ ಮೇಲೆತ್ತಿಬಿಟ್ಟ. ಕೀಬೋರ್ಡಿಗೆ ಬ್ಯಾಟರಿ ಹಾಕಿದ್ದರು. ಅದು ಪಾಪ ತನ್ನ ಪಾಡಿಗೆ ತಾನು ಕೊನೆಯವರೆಗೂ ನುಡಿಸಿ ಮುಗಿಸಿತು. ತಯಾರಕರು ಮಾದರಿಗೆಂದು ಅದರೊಳಗೆ ಇಟ್ಟಿದ್ದ ತುಣುಕು ಅದು, ಒಂದು ಗುಂಡಿ ಒತ್ತಿದರೆ ಸಾಕು. ಮುಂದಿನ ಸಾಲಿನವರು ಟಾರ್ಚಿನ ಬೆಳಕು ಹಿಡಿದು, ಕೈಯಿಲ್ಲದೆ ಬರುತ್ತಿದ್ದ ಸಂಗೀತಕ್ಕೆ ಚಪ್ಪಾಳೆ ತಟ್ಟಿದರು. ಅಂದಿನಿಂದ ಅಧ್ಯಕ್ಷರು ಯಾವ ಕೀಬೋರ್ಡು ಕಂಡರೂ ಮೊದಲು ಅದನ್ನು ತಿರುಗಿಸಿ ಹೊಟ್ಟೆ ನೋಡುತ್ತಿದ್ದರು.

ಕಿರಿಯರಿಗೆ ನಾನು ಹೇಳಲೇಬೇಕಾದ ಇನ್ನೊಂದು ವಿಷಯ ಪಿಯಾನೋದ ಕೆಳಗಿರುವ ಪೆಡಲ್. ಕಾಲಿನಿಂದ ಅದನ್ನು ಒತ್ತಿ ಹಿಡಿದರೆ ಬೆರಳು ಎತ್ತಿದ ಮೇಲೂ ಸ್ವರ ಉಳಿದುಕೊಳ್ಳುತ್ತದೆ. ತಪ್ಪು, ತಡವರಿಕೆ, ಬಿಟ್ಟುಹೋದ ಸ್ವರ ಎಲ್ಲ ಆ ಗುಂಯ್‌ಗುಟ್ಟುವಿಕೆಯಲ್ಲಿ ಮುಚ್ಚಿಹೋಗುತ್ತವೆ. ಬರೋಕ್ ಬರೆದವರ ಕಾಲದ ವಾದ್ಯಗಳಿಗೆ ಈ ಪೆಡಲ್ ಇರಲಿಲ್ಲ. ಹುಡುಗರು ಅದರ ಮೇಲಿಂದ ಕಾಲು ತೆಗೆಯುವುದಿಲ್ಲವೆಂದು ಬೇಸತ್ತು ನಾನು ಬಡಿಗೇರನನ್ನು ಕರೆಸಿ ಪೆಡಲನ್ನೇ ಬಿಚ್ಚಿಸಿ ಬೀರುವಿನಲ್ಲಿಟ್ಟೆ. ಪಿಯಾನೋದ ಕಾಲು ಕಳುವಾಗಿದೆಯೆಂದು ಶಾಲೆಯಲ್ಲಿ ಗುಲ್ಲೆದ್ದಿತು. ಅಧ್ಯಕ್ಷರು ಬಂದರು.

"ಏನ್ರಿ ಮೇಡಂ, ಇದ್ದದ್ದನ್ನ ಯಾಕ ಬಿಚ್ಚಿದ್ರಿ?"

"ಸರ್, ಅದು ಹೂವಿಗೆ ನೀರು ಹಾಕಿದಂಗ್ರಿ. ಪೆಡಲ್ ಒತ್ತಿದ್ರ ಹುಡುಗರ ಕೈ ತೂಕ ಹೆಚ್ಚು ಕಾಣತೈತಿ."

ಅವರ ಬೆರಳು ಗಾಳಿಯನ್ನೇ ಹಿಸುಕಿದವು. ಆಮೇಲೆ ಪೆಡಲಿನ ಸುದ್ದಿ ಎತ್ತಲಿಲ್ಲ. ಆದರೆ ಅಂದಿನಿಂದ ಯಾರೇ ನುಡಿಸಲಿ ನನ್ನ ಕಿವಿಯ ಹತ್ತಿರ ಬಂದು, "ಇದು ಒಣ ಹೂವೇನ್ರಿ?" ಎಂದು ಕೇಳುವುದು ರೂಢಿಯಾಯಿತು.

ಕೊರೊನಾ ಬಂದು ಶಾಲೆ ಮುಚ್ಚಿದಾಗ ಪಾಠದ ರೀತಿಯೇ ಬದಲಾಯಿತು. ಹುಡುಗರು ಮನೆಯಲ್ಲಿ ನುಡಿಸಿ ಮೊಬೈಲಿನಲ್ಲಿ ವಿಡಿಯೋ ಕಳಿಸಬೇಕು, ನಾನು ಕೇಳಿ ತಿದ್ದಬೇಕು. ಗೋಡೆ ಹಿಂದೆ ನಿಂತು ಕೇಳುತ್ತಿದ್ದವಳಿಗೆ ಊರಿಗೆ ಊರೇ ಗೋಡೆಯಾಯಿತು. ಮೊಬೈಲನ್ನು ಬೋರಲು ಹಾಕಿ ಮೊದಲು ಕೇಳುತ್ತಿದ್ದೆ, ಆಮೇಲಷ್ಟೇ ನೋಡುತ್ತಿದ್ದೆ. ಉಚ್ಚಂಗಿದುರ್ಗದ ಹುಡುಗನೊಬ್ಬ ಅತಿ ವೇಗದ ತುಣುಕನ್ನು ಒಂದೂ ತಪ್ಪಿಲ್ಲದೆ ಕಳಿಸಿದ. ಕೇಳಿದಾಗ ಅನುಮಾನ ಬಂತು, ನೋಡಿದಾಗ ನಿಜ ಗೊತ್ತಾಯಿತು. ಅವನ ಹಿಂದೆ ಬಾಗಿಲಲ್ಲಿ ಕೋಳಿಯೊಂದು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕಾಳು ಹೆಕ್ಕುತ್ತಿತ್ತು. ನಿಧಾನವಾಗಿ ನುಡಿಸಿ ಆಮೇಲೆ ವಿಡಿಯೋದ ವೇಗ ಹೆಚ್ಚಿಸಿದ್ದ. ಫೋನ್ ಮಾಡಿ, "ನಿಮ್ಮ ಕೋಳಿಗೆ ಆರಾಮ ಐತೇನಪ್ಪ?" ಎಂದು ಕೇಳಿದೆ. ಮರುದಿನ ಅದೇ ತುಣುಕು ನಿಧಾನವಾಗಿ, ತಪ್ಪುಗಳ ಸಮೇತ ಬಂತು.

ನಮ್ಮ ಯಜಮಾನರಿಗೆ ಸಂಗೀತದ ಗಂಧಗಾಳಿ ಇಲ್ಲ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಅಡುಗೆಮನೆಯಲ್ಲಿ ಚಹಾ ಕಾಯಿಸುವುದೇ ಅವರ ಈಗಿನ ಉದ್ಯೋಗ. "ನಿನ್ನವು ಕಿವಿ ಅಲ್ಲ, ಪೊಲೀಸ್ ಠಾಣೆ" ಎಂದು ಆಗಾಗ ಅನ್ನುತ್ತಾರೆ. ಅನ್ನಲಿ.

ಇನ್ನು ಶಾಹೀನಳ ವಿಷಯ. ಹರಪನಹಳ್ಳಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಖಾದರ್‌ಸಾಬರ ಮಗಳು. ಊರವರು ಅವರನ್ನು ಪೇಟಿ ಖಾದರ್‌ಸಾಬ್ ಎನ್ನುತ್ತಿದ್ದರು. ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಕಾಲುಪೇಟಿ ನುಡಿಸಿದವರು. ಕೈಪೇಟಿಗೆ ಒಂದು ಕೈ ಗಾಳಿ ಹಾಕುತ್ತಲೇ ಇರಬೇಕು. ಕಾಲುಪೇಟಿಗೆ ಗಾಳಿಯನ್ನು ಕಾಲಿನಿಂದ ತುಳಿಯುವುದರಿಂದ ಎರಡೂ ಕೈ ನುಡಿಸಲು ಸಿಗುತ್ತವೆ. ಶಾಹೀನ್ ಚಿಕ್ಕವಳಿದ್ದಾಗಿನಿಂದ ಭಾನುವಾರಗಳಲ್ಲಿ ನನ್ನ ಹತ್ತಿರ ಕಲಿತವಳು. ಮಾತು ಕಡಿಮೆ, ಬೆರಳು ಚುರುಕು. ಅವಳು ಡಿಗ್ರಿ ಮುಗಿಸುವ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ರಿಪೇರಿ ನಿಂತಿತು. ತಾಯಿ ಮೊದಲೇ ಇರಲಿಲ್ಲ.

ನನ್ನ ನಿವೃತ್ತಿಯ ವರ್ಷ. ನನ್ನ ಜಾಗಕ್ಕೆ ಯಾರನ್ನು ತೆಗೆದುಕೊಳ್ಳುವುದು ಎಂದು ಅಧ್ಯಕ್ಷರು ಕೇಳಿದಾಗ ಶಾಹೀನಳ ಹೆಸರು ಹೇಳಿದೆ. ಯೋಗ್ಯರು ಸಿಗದಿದ್ದರೆ ಪಿಯಾನೋ ತರಗತಿಯನ್ನೇ ಮುಚ್ಚಿ ಆ ಹಾಲನ್ನು ಕಂಪ್ಯೂಟರಿಗೆ ಕೊಡುವುದು ಎಂದು ಅವರು ಆಗಲೇ ಲೆಕ್ಕ ಹಾಕಿದ್ದರು. ಶಾಹೀನಳಿಗೆ ಈ ಕೆಲಸ ಸಿಕ್ಕರೆ ಶಾಲೆಯ ವಸತಿಗೃಹದಲ್ಲಿ ಅಪ್ಪನನ್ನು ಜೊತೆಗಿಟ್ಟುಕೊಂಡು ಇರಬಹುದಿತ್ತು. ಸಿಗದಿದ್ದರೆ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವುದು, ಅಪ್ಪನನ್ನು ಚಿಕ್ಕಪ್ಪನ ಮನೆಯಲ್ಲಿ ಬಿಡುವುದು ಎಂದು ನೆಂಟರು ತೀರ್ಮಾನಿಸಿಬಿಟ್ಟಿದ್ದರು. ಅಧ್ಯಕ್ಷರು, "ಮೊದಲು ಒಂದು ವಿಡಿಯೋ ಕಳಿಸಲಿ. ನೀವು ಕೇಳಿ ಒಣ ಹೂವು ಅಂದ್ರ ಸಾಕು ನನಗ" ಎಂದರು.

ವಿಡಿಯೋ ಬಂತು. ಬೋರಲು ಹಾಕಿ ಕೇಳಿದೆ. ಎರಡು ದನಿಯ ಒಂದು ಬರೋಕ್ ತುಣುಕು, ಅವಳಿಗೆ ನಾನೇ ಕೊಟ್ಟದ್ದು. ಬಲಗೈ ನನಗೆ ಗೊತ್ತಿರುವ ಬಲಗೈ. ನಾನು ತಿದ್ದಿದ ಬೆರಳುಗಳು ಕತ್ತಲೆಯಲ್ಲೂ ಗುರುತು ಸಿಗುತ್ತವೆ. ಆದರೆ ಎಡಗೈ ನನಗೆ ಗೊತ್ತಿರುವ ಎಡಗೈ ಅಲ್ಲ. ಬಲಗೈ ಹೊಸ ಮಾತು ಎತ್ತಿಕೊಳ್ಳುವ ಜಾಗದಲ್ಲೆಲ್ಲ ಎಡಗೈ ಒಂದು ಕ್ಷಣ ಬಿಡುತ್ತಿತ್ತು. ಉಸಿರು ತೆಗೆದುಕೊಂಡ ಹಾಗೆ. ಈ ತುಣುಕಿಗೆ ನಾನು ಅದನ್ನು ಕಲಿಸಿಲ್ಲ. ಪುಸ್ತಕದಲ್ಲೂ ಇಲ್ಲ. ಮೊಬೈಲ್ ತಿರುಗಿಸಿ ನೋಡಿದರೆ ಅವಳ ಬೆನ್ನ ಹಿಂದೆ ಬಲಬದಿಯಿಂದ ತೆಗೆದ ವಿಡಿಯೋ. ಎಡಗೈ ಅವಳ ದುಪಟ್ಟಾದ ಮರೆಯಲ್ಲಿತ್ತು, ಅವಳ ಎಡಪಕ್ಕ ಚೌಕಟ್ಟಿನ ಆಚೆಗಿತ್ತು.

"ಇದು ಇಬ್ಬರು ಬಾರಿಸಿದ್ದು" ಎಂದೆ ಯಜಮಾನರಿಗೆ.

"ನೀನ ಹೇಳಿದ್ದಿಯಲ್ಲ, ಒಬ್ಬರು ಬಾರಿಸಿದ್ರ ಇಬ್ಬರು ಕೇಳಬೇಕು ಅಂತ? ಈಗ ಕೇಳಿದ್ರ ಅದಕ್ಕೂ ಅನುಮಾನ?"

ಅವರಿಗೆ ಬಿಡಿಸಿ ಹೇಳುವಷ್ಟು ಸಮಾಧಾನ ನನ್ನಲ್ಲಿರಲಿಲ್ಲ. ಸಿಟ್ಟು ಬಂದಿತ್ತು. ಬೇರೆ ಯಾರು ಮೋಸ ಮಾಡಿದ್ದರೂ ಕೋಳಿಯ ಕ್ಷೇಮ ವಿಚಾರಿಸಿ ನಕ್ಕುಬಿಡುತ್ತಿದ್ದೆ. ಇವಳು ನನ್ನ ಕೈಯಲ್ಲಿ ಬೆಳೆದವಳು, ಮತ್ತು ಇವಳ ಹೆಸರನ್ನು ನನ್ನ ಬಾಯಿಂದ ಹೇಳಿದ್ದೆ. ಫೋನ್ ಮಾಡಿದರೆ ಎಚ್ಚರಾಗುತ್ತಾಳೆ ಎಂದು, ಹೇಳದೆ ಕೇಳದೆ ಮರುದಿನ ಹರಪನಹಳ್ಳಿಯ ಬಸ್ಸು ಹತ್ತಿದೆ.

ಕೆರೆ ಕಡೆಯ ಓಣಿಯಲ್ಲಿ ಅವರ ಮನೆ. ಹೊರಗೋಡೆಯ ಮೇಲೆ 'ಹಾರ್ಮೋನಿಯಂ ರಿಪೇರಿ' ಎಂದು ಬರೆದ ಬಣ್ಣ ಅರ್ಧ ಉದುರಿತ್ತು. ಗೋಡೆಗೆ ಒರಗಿ ನಿಂತೆ. ಅದೇ ತುಣುಕು, ಅದೇ ಉಸಿರು. ಮೆಲ್ಲಗೆ ಬಾಗಿಲು ದೂಡಿದೆ. ಕೀಬೋರ್ಡಿನ ಮುಂದೆ ಒಂದೇ ಬೆಂಚಿನ ಮೇಲೆ ಅಪ್ಪ ಮಗಳು ಒತ್ತಿಕೊಂಡು ಕೂತಿದ್ದರು. ಶಾಹೀನ್ ಬಲಗೈಯ ಭಾಗ ನುಡಿಸುತ್ತಿದ್ದಳು. ಎಡಗೈಯ ಭಾಗ ಖಾದರ್‌ಸಾಬರದು. ಅವರ ಬಲಗೈ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನಂತೆ ಬಿದ್ದಿತ್ತು.

"ಚಲೋ ಆತು ಬಿಡವ್ವ ಶಾಹೀನ್" ಎಂದೆ. "ನಾನು ಕಿವುಡಿ ಅಂತ ತಿಳಿದಿದ್ದಿ."

ಅವಳು ಎದ್ದು ನಿಂತಳು. "ಮೇಡಂ, ವಿಡಿಯೋದಾಗ ನಾನೊಬ್ಬಾಕೆನೇ ಬಾರಿಸಿದ್ದು. ಅಲ್ಲಾನ ಆಣೆ."

ಖಾದರ್‌ಸಾಬರು ನಿಧಾನವಾಗಿ ಮಾತಾಡಿದರು. ಲಕ್ವಾದಿಂದ ನಾಲಿಗೆ ಇನ್ನೂ ಭಾರವಿತ್ತು. "ಕುಂದ್ರಿ ಮೇಡಂ. ಆಕಿದೇನು ತಪ್ಪಿಲ್ರಿ. ನೀವು ಒಂದೊಂದೇ ಕೈ ಕಲಿ ಅಂತ ಹೇಳಿದ್ರಂತ. ಆಕಿ ವಾರಗಟ್ಲೆ ಎಡಗೈದು ಬಾರಿಸಾಳ, ನಾನು ಮಂಚದ ಮ್ಯಾಲೆ ಬಿದ್ದು ಕೇಳೀನಿ. ಕೇಳಿ ಕೇಳಿ ಬಂತು. ನಂಗೂ ಒಂದು ಕೈ ಐತಲ್ಲ ಅಂತ ಕುಂತೆ. ಸಂಜಿ ಹೊತ್ತು ಹೋಗಬೇಕಲ್ರಿ."

"ಹಂಗಾದ್ರ ಆಕಿ ಒಬ್ಬಾಕಿನ ಬಾರಿಸಲಿ. ಈಗ, ನನ್ನ ಮುಂದ."

ಶಾಹೀನ್ ಕೂತಳು. ನುಡಿಸಿದಳು. ನಾಲ್ಕು ಸಾಲೂ ದಾಟಲಿಲ್ಲ, ಎಡಗೈ ತಡವರಿಸಿ ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಿತು. ಮೋಸ ಬಯಲಾದವರ ಕೈಯೂ ತಡವರಿಸುತ್ತದೆ, ಸುಳ್ಳು ಆರೋಪ ಹೊತ್ತವರ ಕೈಯೂ ತಡವರಿಸುತ್ತದೆ. ಇಷ್ಟು ವರ್ಷ ಕೇಳಿದರೂ ಎರಡರ ವ್ಯತ್ಯಾಸ ನನಗೆ ಹೇಳಲು ಬರುವುದಿಲ್ಲ. ಸೋಮವಾರ ಶಾಲೆಗೆ ಬಾ, ಅಧ್ಯಕ್ಷರ ಎದುರಿಗೆ ನುಡಿಸು, ನಾನು ಒಳ್ಳೆಯದನ್ನೂ ಹೇಳುವುದಿಲ್ಲ ಕೆಟ್ಟದ್ದನ್ನೂ ಹೇಳುವುದಿಲ್ಲ ಎಂದು ಎದ್ದು ಬಂದೆ. ಅವರು ಕೊಟ್ಟ ಚಹಾ ಹಾಗೇ ಉಳಿಯಿತು.

ಸೋಮವಾರ ಅಪ್ಪ ಮಗಳು ಆಟೋದಲ್ಲಿ ಬಂದರು. ಖಾದರ್‌ಸಾಬರನ್ನು ಹಾಲಿನೊಳಗೆ ಬಿಡಲಿಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿದೆ. ನನಗೆ ಖಾತ್ರಿ ಬೇಕಿತ್ತು. ಅಧ್ಯಕ್ಷರು ಪಿಯಾನೋದ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೆ ನೋಡಿ, "ಇದಕ್ಕ ಬ್ಯಾಟರಿ ಇಲ್ಲಲ್ರಿ?" ಎಂದು ಕೇಳಿದರು. ಅವರೇ ಟ್ರ್ಯಾಕ್ಟರಿನಲ್ಲಿ ತಂದ ಪಿಯಾನೋ ಅದು. ಪಕ್ಕದಲ್ಲಿ ಹೆಡ್ಮಾಸ್ತರರು ಕೂತರು. ನಾನು ಹಾಲಿನ ಹಿಂದಿನ ಆಟದ ಸಾಮಾನಿನ ಕೋಣೆಗೆ ಹೋಗಿ ಗೋಡೆ ಹಿಂದೆ ನಿಂತೆ.

ಶಾಹೀನ್ ಶುರು ಮಾಡಿದಳು. ಇಬ್ಬರು ನುಡಿಸುತ್ತಿದ್ದರು. ಒಬ್ಬಳು ಎಳೆಯವಳು, ಆತುರದವಳು, ನಾನು ತಿದ್ದಿದವಳು. ಇನ್ನೊಬ್ಬರು ವಯಸ್ಸಾದವರು, ಯಾವ ಅವಸರವೂ ಇಲ್ಲದವರು, ಎದುರಿನವರು ಮಾತು ಎತ್ತಿದರೆ ತಾವು ಒಂದು ಕ್ಷಣ ಬಾಯಿ ಮುಚ್ಚಿ ಜಾಗ ಬಿಡುವವರು. ಕಿಟಕಿಯಿಂದ ಹೊರಗೆ ನೋಡಿದೆ. ಬೇವಿನ ಗಿಡದ ಕೆಳಗೆ ಖಾದರ್‌ಸಾಬರು ಎಡಗೈಯಲ್ಲಿ ಚಹಾದ ಲೋಟ ಹಿಡಿದು ಊದಿ ಊದಿ ಕುಡಿಯುತ್ತಿದ್ದರು. ಬಾಗಿಲ ಸಂದಿಯಿಂದ ಹಾಲಿನೊಳಗೆ ನೋಡಿದೆ. ಬೆಂಚಿನ ಮೇಲೆ ಶಾಹೀನ್ ಒಬ್ಬಳೇ ಇದ್ದಳು.

ಅಷ್ಟಕ್ಕೇ ನಂಬುವವಳು ನಾನಲ್ಲ. ಮುಗಿದ ಮೇಲೆ ಒಳಗೆ ಹೋಗಿ, "ಎಡಗೈದು ಒಂದ ಬಾರಿಸವ್ವ" ಎಂದೆ. ಬಾರಿಸಿದಳು. ಜೊತೆಗೆ ಬಲಗೈ ಇಲ್ಲ, ಆದರೂ ಬಲಗೈ ಮಾತು ಎತ್ತಬೇಕಾದ ಜಾಗಗಳಲ್ಲೆಲ್ಲ ಎಡಗೈ ಬಿಟ್ಟು ಬಿಟ್ಟು ನುಡಿಯಿತು.

"ಅಲ್ಲಿ ಕೈ ಯಾಕ ಎತ್ತತಿ?"

"ಎಲ್ಲಿ ಮೇಡಂ?"

"ಇಲ್ಲಿ. ಇಲ್ಲಿ. ಮತ್ತ ಇಲ್ಲಿ."

ಅವಳು ತನ್ನ ಎಡಗೈಯನ್ನು ನೋಡಿದಳು, ನನ್ನನ್ನು ನೋಡಿದಳು. "ನಾನು ಎತ್ತೇ ಇಲ್ಲಲ್ರಿ ಮೇಡಂ?" ಎಂದಳು. ಮೋಸ ಮಾಡುವವರ ಹತ್ತಿರ ಎಲ್ಲ ಪ್ರಶ್ನೆಗೂ ಉತ್ತರ ತಯಾರಿರುತ್ತದೆ. ಇವಳ ಹತ್ತಿರ ಇರಲಿಲ್ಲ. ಆಗ ನಂಬಿದೆ.

ಉತ್ತರ ಇದ್ದದ್ದು ಬೇವಿನ ಗಿಡದ ಕೆಳಗೆ. ಹೋಗಿ ಖಾದರ್‌ಸಾಬರನ್ನು ಕೇಳಿದೆ. ಅವರಿಗೆ ನಗು ಬಂತು, ಬಾಯಿಯ ಒಂದೇ ಬದಿಯಲ್ಲಿ.

"ಕಂಪನಿ ಕಾಲುಪೇಟಿ ಭಾಳ ಹಳೇದಿತ್ರಿ ಮೇಡಂ. ಗಾಳಿ ತುಂಬೋ ತಿದಿ ಹರಿದಿತ್ತು. ಎಷ್ಟು ತುಳಿದ್ರೂ ಗಾಳಿ ಸಾಲ್ತಿರಲಿಲ್ಲ. ಎರಡೂ ಕೈ ಒತ್ತಿದ್ರ ಬಲಗೈಯಾಗಿನ ಹಾಡು ಸಾಯೋದು. ಅದಕ್ಕ ಹಾಡು ಎತ್ತೋ ಮುಂದ ಎಡಗೈ ಒಂಚೂರು ಬಿಟ್ಟುಕೊಡ್ತಿದ್ದೆ. ಬಲಗೈಗೆ ಗಾಳಿ ಸಿಗ್ಲಿ ಅಂತ." ಮಡಿಲಲ್ಲಿದ್ದ ಬಲಗೈಯನ್ನು ನೋಡಿಕೊಂಡರು. "ಈಗ ಬಲಗೈನ ಇಲ್ಲ. ಎಡಗೈಗೆ ಅದು ಇನ್ನೂ ಗೊತ್ತಾಗಿಲ್ಲ ನೋಡ್ರಿ."

ಅವರೇ ಮತ್ತೆ, "ಆಕಿ ನನ್ನ ಬಾಜು ಕುಂತು ಕುಂತು ಹಂಗ ಕಲ್ತಾಳ. ತಿದ್ದಿಬಿಡ್ರಿ ಮೇಡಂ. ಪಿಯಾನೋಕ್ಕ ಗಾಳಿ ಬೇಕಾಗಲ್ಲ" ಎಂದರು.

ಅಷ್ಟರಲ್ಲಿ ಅಧ್ಯಕ್ಷರು ಹೊರಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ಒಣ ಹೂವೇನ್ರಿ?"

"ಒಣಾ ಹೂವು ಸರ್. ಹನಿ ನೀರಿಲ್ಲ."

ಕೆಲಸ ಆಯಿತು. ಅಪ್ಪ ಮಗಳು ವಸತಿಗೃಹಕ್ಕೆ ಬಂದರು. ಕೆಲಸ ಒಪ್ಪಿಸುವ ದಿನ ಶಾಹೀನ್, "ಮೇಡಂ, ಆ ಎಡಗೈ ತಿದ್ದಿಕೊಡ್ರಿ" ಎಂದು ಕೇಳಿದಳು. ತಿದ್ದಲಿಲ್ಲ. ಬರೋಕಿನ ಕಾಲದ ವಾದ್ಯಗಳಲ್ಲಿ ಎಷ್ಟು ಒತ್ತಿ ನುಡಿಸಿದರೂ ದನಿ ಜೋರಾಗುತ್ತಿರಲಿಲ್ಲವಂತೆ. ಒಂದು ಸ್ವರಕ್ಕೆ ತೂಕ ಕೊಡಬೇಕೆಂದರೆ ಅದರ ಮುಂದೆ ಕೂದಲೆಳೆಯಷ್ಟು ಬಿಡುವು ಇಡುತ್ತಿದ್ದರು. ಸಿಸ್ಟರ್ ಇದನ್ನು ನನಗೆ ಹೇಳಿದ್ದರು, ನಾನು ಹುಡುಗರಿಗೆ ಹೇಳಿ ಹೇಳಿ ಸೋತಿದ್ದೆ, ಯಾರಿಗೂ ಬಂದಿರಲಿಲ್ಲ, ನನ್ನ ಕೈಗೂ. ಬಂದದ್ದನ್ನು ಕಳೆಯುವ ಧೈರ್ಯ ನನಗಿರಲಿಲ್ಲ. ಅದನ್ನು ಹೀಗೆಲ್ಲ ಬಿಡಿಸಿ ಹೇಳದೆ, "ಇರಲಿ ಬಿಡವ್ವ" ಎಂದಷ್ಟೇ ಅಂದೆ.

ಹೋದ ಬೇಸಿಗೆಯಲ್ಲಿ ಖಾದರ್‌ಸಾಬರು ತೀರಿಕೊಂಡರು. ಹಿಂದಿನ ಸಂಜೆಯೂ ಮಗಳ ಪಕ್ಕ ಕೂತು ನುಡಿಸಿದ್ದರಂತೆ. ಮಣ್ಣಿಗೆ ಹೋಗಿ ಬಂದೆವು. ಅಧ್ಯಕ್ಷರೂ ಬಂದಿದ್ದರು, ಒಂದು ಬುಟ್ಟಿ ಮಲ್ಲಿಗೆ ತಂದಿದ್ದರು.

ಮೊನ್ನೆ ಪಿಂಚಣಿಯ ಕಾಗದಕ್ಕೆಂದು ಶಾಲೆಯ ಕಡೆ ಹೋಗಿದ್ದೆ. ಹಾಲಿನೊಳಗೆ ಹೋಗದೆ ಹಳೆಯ ಚಾಳಿಯಂತೆ ಹಿಂದಿನ ಗೋಡೆಗೆ ಒರಗಿ ನಿಂತೆ. ಮಕ್ಕಳು ಒಬ್ಬೊಬ್ಬರಾಗಿ ನುಡಿಸುತ್ತಿದ್ದರು. ಒಬ್ಬನ ಬಲಗೈ ಒರಟು, ಒಬ್ಬಳದು ಅಂಜುಬುರುಕ, ಒಂದು ಮಗುವಿನದಂತೂ ಲೆಕ್ಕವೇ ತಪ್ಪಿತ್ತು. ಆದರೆ ಎಲ್ಲರ ಎಡಗೈಯೂ, ಬಲಗೈ ಮಾತು ಎತ್ತುವ ಜಾಗಕ್ಕೆ ಬಂದಾಗ, ಒಂದು ಕ್ಷಣ ಬಿಟ್ಟುಕೊಡುತ್ತಿತ್ತು. ಹಗರಿಬೊಮ್ಮನಹಳ್ಳಿಯ ಈ ಮಕ್ಕಳಲ್ಲಿ ಯಾರೂ ಕಾಲುಪೇಟಿ ಕಂಡವರಲ್ಲ. ಅಳು ಬಂತು, ಗೋಡೆ ಹಿಂದೆ ಇದ್ದೆನಾದ್ದರಿಂದ ಅತ್ತೆ.

ಮನೆಗೆ ಬಂದು ನನ್ನ ಪಿಯಾನೋ ಮುಂದೆ ಕೂತೆ. ಆ ತುಣುಕನ್ನು ನಾನು ಇಷ್ಟು ವರ್ಷ ಒಂದೂ ಬಿಡುವಿಲ್ಲದೆ ನುಡಿಸಿಕೊಂಡು ಬಂದವಳು. ಶುರು ಮಾಡಿದೆ. ಮೊದಲ ಸಾಲು ದಾಟಿದ ಮೇಲೆ ಅನುಮಾನ ಬಂತು. ಇನ್ನೊಮ್ಮೆ, ಕಣ್ಣು ಮುಚ್ಚಿಕೊಂಡು, ಎಡಗೈಯನ್ನು ಗಟ್ಟಿಯಾಗಿ ಕಾಯುತ್ತಾ ನುಡಿಸಿದೆ. ನನ್ನ ಮಾತು ಕೇಳದೆ ಅದು ಎದ್ದಿತು, ಬಿಟ್ಟುಕೊಟ್ಟಿತು, ಕೂತಿತು.

ಅಡುಗೆಮನೆಯಿಂದ ಯಜಮಾನರ ದನಿ ಬಂತು. "ಯಾರ ಬಂದಾರ? ಜೋಡಿ ಬಾರಿಸಾಕ ಹತ್ತೀರಿ?"

ನಾನು ಕೈ ನಿಲ್ಲಿಸಲಿಲ್ಲ. "ಹರಪನಹಳ್ಳಿಯಿಂದ ಖಾದರ್‌ಸಾಬ್ರು ಬಂದಾರ" ಎಂದೆ. "ಅವತ್ತು ಅವರ ಮನ್ಯಾಗ ಕುಡೀದ ಬಿಟ್ಟು ಬಂದದ್ದು ಬಾಕಿ ಐತಿ. ಚಾ ಇಡ್ರಿ."